ಹನ್ನೆರಡನೇ ಬೆಡ್ಡಿನಿಂದ ಮಗಳಿಗೊಂದು ಪತ್ರ

ಮೂಡಿಗೆರೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮೆಣಸು ಕುಯ್ಯುವ ಏಣಿಯಿಂದ ಜಾರಿ, ತೊಡೆಮೂಳೆ ಮುರಿದುಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದ್ದೆನಲ್ಲ, ಅಲ್ಲಿ ನಿನ್ನಂಥ ನರ್ಸಿಂಗ್ ಹುಡುಗಿಯರಿಗೆ ನಾನೇ ಪಾಠದ ಪುಸ್ತಕವಾಗಿದ್ದೆ. ಫೋನಿನಲ್ಲಿ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಪೋಸ್ಟಿಂಗಿಗೆ ಬಂದ ಏಳೆಂಟು ಮಂದಿ ಮಂಚದ ಸುತ್ತ ನಿಲ್ಲುತ್ತಿದ್ದರು. ‘ಹನ್ನೆರಡನೇ ಬೆಡ್, ಫ್ರ್ಯಾಕ್ಚರ್’ ಎನ್ನುತ್ತ ಮೇಡಂ ಹೊದಿಕೆ ಸರಿಸಿಬಿಡುತ್ತಿದ್ದರು. ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಪಾಠ ನಡೆಯುತ್ತಿತ್ತು. ಯಾವ ಮಗ್ಗುಲಿಗೆ ಹೊರಳಿಸಿದರೆ ಜೀವ ಹೋದಂತಾಗುತ್ತದೆ ಎಂಬುದು ಗೊತ್ತಿದ್ದ ಒಬ್ಬನೇ ಆಸಾಮಿಯನ್ನು ಯಾರೂ ಕೇಳಲಿಲ್ಲ.

ಇನ್ನು ಬೆಡ್‌ಪ್ಯಾನಿನ ಸಂಗತಿ. ನಿನ್ನ ವಯಸ್ಸಿನ ಹುಡುಗಿಯ ಕೈಯಲ್ಲಿ ಅದನ್ನು ಇಡಿಸಿಕೊಳ್ಳಲಾರದೆ ಎರಡು ದಿನ ಊಟವನ್ನೇ ಬಿಟ್ಟೆ. ಕೇಸ್ ಶೀಟಿನಲ್ಲಿ ‘ಹಸಿವು ಕಡಿಮೆ’ ಎಂದು ಬರೆದುಕೊಂಡರು. ನಿನ್ನ ಅಮ್ಮನೂ ಹಾಗೆಂದೇ ನಂಬಿದಳು. ಮೂರನೆಯ ದಿನ ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಪರದೆ ಎಳೆದು, ಸ್ಟೂಲಿನ ಮೇಲೆ ಕುಳಿತು, ‘ಅಂಕಲ್, ನಾಚಿಕೆಗೆ ಊಟ ಬಿಟ್ಟಿರಾ? ಹೇಗೆ ಮಾಡಿದರೆ ನಿಮಗೆ ಕಷ್ಟವಾಗುವುದಿಲ್ಲ?’ ಎಂದು ಮೆಲ್ಲಗೆ ಕೇಳಿದಳು. ಮೊದಲು ಪರದೆ ಎಳೆಯಬೇಕು, ಇಟ್ಟ ಮೇಲೆ ಹೊರಗೆ ಹೋಗಬೇಕು, ಕರೆದಾಗ ಮಾತ್ರ ಬರಬೇಕು ಎಂದೆ. ಪುಣ್ಯಾತ್ಗಿತ್ತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು! ಮರುದಿನ ಜೊತೆಯವರಿಗೂ ಹೇಳಿಕೊಟ್ಟಳು. ನಿಮ್ಮ ಕಾಲೇಜಿನ ಗೊಂಬೆಯ ಮೇಲೆ ಎಷ್ಟು ಅಭ್ಯಾಸ ಮಾಡಿದರೂ ಇದು ಬಾರದು. ಗೊಂಬೆಗೆಲ್ಲಿಯ ನಾಚಿಕೆ?

ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ಲಿನ 2018ರ ನಿಯಮಗಳ ಪ್ರಕಾರ ಪಾಠಕ್ರಮ ರೂಪಿಸುವುದರಲ್ಲೂ ಕಲಿಸುವುದರಲ್ಲೂ ರೋಗಿಗಳು ಇರಲೇಬೇಕು ಎಂದು ನೀನೇ ಹೇಳಿದ್ದೆ. 1963ರಲ್ಲಿ ಅಮೆರಿಕದ ಹೊವರ್ಡ್ ಬ್ಯಾರೋಸ್ ಎಂಬ ವೈದ್ಯರು ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ ಕತೆಯನ್ನೂ ಹೇಳಿದ್ದೆ. ಆಗ ನಾನು ನಕ್ಕಿದ್ದೆ. ವೇಷ ಕಟ್ಟುವ ಅಗತ್ಯವೇ ಇಲ್ಲದವರು ವಾರ್ಡು ತುಂಬ ಬಿದ್ದಿದ್ದೇವಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಒಪ್ಪಿಗೆ ಕೇಳದೆ ಹೊದಿಕೆ ಎತ್ತುವುದಾದರೆ ವೇಷದವರೇ ವಾಸಿ.

ಡಿಸ್ಚಾರ್ಜ್ ದಿನ ಆ ಹುಡುಗಿ ಏನು ಹೇಳಿದ್ದಳೋ, ಅದೇ ಮೇಡಂ ಬಂದು, ಮೊದಲ ವರ್ಷದವರ ತರಗತಿಗೆ ಬಂದು ಒಂದು ಗಂಟೆ ಮಾತಾಡುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ನಿನ್ನ ಅಮ್ಮ ಆಗಲೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ್ದಾಳೆ. ಊರುಗೋಲು ಹಿಡಿದು ಹೋಗುತ್ತೇನೆ. ಅಷ್ಟು ಹುಡುಗಿಯರ ಮುಂದೆ ಬೆಡ್‌ಪ್ಯಾನಿನ ವಿಷಯ ಎತ್ತಲೋ ಬೇಡವೋ, ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ ಅಪ್ಪ