ಮಗುವಿನೊಡನೆ ಸಹಾರಾಕ್ಕೆ ಹೊರಡುವವರಿಗೆ

ಮಾನ್ಯರೇ,

ಗಲ್ಫ್‌ನಲ್ಲಿ ದುಡಿಯುವ ನಮ್ಮ ಕಾಸರಗೋಡಿನವರಲ್ಲಿ ಕೆಲವರು ರಜೆಯಲ್ಲಿ ಎಳೆಯ ಮಕ್ಕಳನ್ನು ಕರೆದುಕೊಂಡು ಮೊರಾಕ್ಕೊದ ಮರುಭೂಮಿಗೆ ಹೊರಡುತ್ತಿರುವುದರಿಂದ, ಮೊಮ್ಮಗಳೊಡನೆ ಆ ದಾರಿಯಲ್ಲಿ ಹೋಗಿಬಂದ ನಾನು ಇದನ್ನು ಬರೆಯುತ್ತಿದ್ದೇನೆ. ಮರಾಕೇಶ್‌ನಿಂದ ಮೆರ್ಜೂಗಾದ ಮರಳು ದಿಬ್ಬಗಳಿಗೆ 550 ಕಿಲೋಮೀಟರಿನಷ್ಟು ದೂರವಿದ್ದು, ನಡುವೆ ಸುಮಾರು 2,260 ಮೀಟರ್ ಎತ್ತರದ ಟಿಜಿ ನ್ ಟಿಚ್ಕಾ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವ ಸಂಭವ ಹೆಚ್ಚಾದ ಕಾರಣ ವರ್ಜಾಜಾತ್‌ನಲ್ಲಿ ಒಂದು ರಾತ್ರಿ ತಂಗುವುದು ಲೇಸು. ನಮ್ಮ ಕರಾವಳಿಯಂತೆ ಅಲ್ಲಿ ಬೆವರು ಸುರಿಯುವುದಿಲ್ಲ. ಒಣಗಾಳಿಗೆ ಅದು ಕಾಣಿಸುವ ಮೊದಲೇ ಆರಿಹೋಗುವುದರಿಂದ, ಮಗು ಕೇಳದಿದ್ದರೂ ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಬೇಕು. ಡಿಸೆಂಬರಿನ ಇರುಳಿಗೆ ಉಣ್ಣೆಯ ಟೊಪ್ಪಿ ಬೇಕೇ ಬೇಕು. ಒಂಟೆ ಸವಾರಿಗೆ ಒತ್ತಾಯ ಬೇಡ. ನಮ್ಮ ಮೊಮ್ಮಗಳಿಗಂತೂ ಒಂಟೆಗಿಂತ ಬೊಗಸೆಯಿಂದ ಜಾರುವ ಮರಳೇ ಪ್ರಿಯವಾಯಿತು. ಪ್ಯಾಕೇಜ್ ಮಾರುವವರು ದಿನಕ್ಕೆ ಎಷ್ಟು ಗಂಟೆ ವಾಹನದಲ್ಲಿ ಕೂರಬೇಕೆಂಬುದನ್ನು ಮುಂಗಡ ಹಣ ಪಡೆಯುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು.

– ಓರ್ವ ಓದುಗ, ಕಾಸರಗೋಡು