ಇಲ್ಲದ ಲಾಕ್‌ರಿಂಗ್ ಮತ್ತು 'ಪರಿಹಾರವಾಗಿದೆ' ಎಂದು ನೀವೇ ಮುಚ್ಚಿದ ನನ್ನ ದೂರು

ಕಲಬುರಗಿ
28 ಜೂನ್ 2025

ಗೆ,
ಗ್ರಾಹಕ ದೂರು ಅಧಿಕಾರಿಗಳು
(ಕಂಪನಿಯ ಹೆಸರು, ವಿಳಾಸ ಲಕೋಟೆಯ ಮೇಲಿದೆ)

ಮಾನ್ಯರೇ,

ನಿನ್ನೆ ರಾತ್ರಿ 9.40ಕ್ಕೆ ನನ್ನ ಮೊಬೈಲಿಗೆ ನಿಮ್ಮ ಮೆಸೇಜು ಬಂತು. "ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಆ ಹೊತ್ತಿಗೆ ನಿಮ್ಮ ಸೈಕಲ್ಲು ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ ಮೇಲೆ ನನ್ನ ಹೆಂಡತಿ ಟವೆಲ್ ಒಣಗಲು ಹಾಕಿದ್ದಳು. ಎರಡು ತಿಂಗಳಲ್ಲಿ ಅದು ಯಾವ ತಕರಾರೂ ಇಲ್ಲದೆ ಮಾಡಿದ ಕೆಲಸ ಅದೊಂದೇ.

ಐದು ಸಲ ಫೋನ್ ಮಾಡಿದ್ದೇನೆ. ಮೂರು ಮೇಲ್ ಹಾಕಿದ್ದೇನೆ. ಒಂದು ಸಲ ನಿಮ್ಮ ಇಲ್ಲಿನ ಸರ್ವೀಸ್ ಸೆಂಟರಿಗೂ ಹೋಗಿ ಬಂದಿದ್ದೇನೆ. ಇಲ್ಲಿಯವರೆಗೆ 'ದಯವಿಟ್ಟು' ಬಿಟ್ಟು ಮಾತಾಡಿಲ್ಲ. ಈ ಪತ್ರದಲ್ಲೂ ಹಾಗೇ ಇರಬೇಕು ಅಂತ ಕೂತಿದ್ದೇನೆ. ನೋಡೋಣ.

ಫಿಕ್ಸ್ಡ್ ಗೇರ್ ಸೈಕಲ್ ಯಾಕೆ ತಗೊಂಡಿರಿ ಅಂತ ನಿಮ್ಮವರೆಲ್ಲ ಕೇಳಿದರು. ಹಿಂದಿನ ಹಲ್ಲಿನ ಚಕ್ರ ಬಿಚ್ಚಿಕೊಳ್ಳದಂತೆ ಹಿಡಿಯುವ ಲಾಕ್‌ರಿಂಗ್ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಹಾಗಾಗಿ ಯಾಕೆ ತಗೊಂಡೆ ಅನ್ನುವುದನ್ನೇ ಮೊದಲು ಹೇಳಿಬಿಡುತ್ತೇನೆ. ನನಗೆ 51 ವರ್ಷ. ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ಮನೆ ಸೇಡಂ ರಸ್ತೆ ಕಡೆ, ಕಾಲೇಜು ಜಗತ್ ಸರ್ಕಲ್ ದಾಟಿ. ಹೋಗಲು ಆರು ಕಿಲೋಮೀಟರ್, ಬರಲು ಆರು. ಊರು ಬಹುಮಟ್ಟಿಗೆ ಸಪಾಟು. ನನ್ನ ಹಳೆಯ ಸೈಕಲ್ಲಿಗೆ 21 ಗೇರ್ ಇದ್ದವು, ಹತ್ತು ವರ್ಷದಲ್ಲಿ ನಾನು ಬಳಸಿದ್ದು ಎರಡು. ಉಳಿದ 19 ಗೇರುಗಳನ್ನು ಸಾಕಿದ್ದು ನಮ್ಮ ಎರೆಮಣ್ಣು. ಮಳೆ ಬಿದ್ದರೆ ಗೇರು ಬದಲಿಸುವ ಡಿರೇಲರಿನ ಪುಟ್ಟ ಗಾಲಿಗಳಿಗೆ ಮೆತ್ತಿಕೊಂಡು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತಿತ್ತು. ಫಿಕ್ಸ್ಡ್‌ನಲ್ಲಿ ಆ ಗೋಜಿಲ್ಲ. ಮುಂದೆ ಹಲ್ಲಿನ ಚಕ್ರ ಒಂದು, ಹಿಂದೆ ಒಂದು, ನಡುವೆ ಚೈನು. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ. ವೇಗ ತಗ್ಗಿಸಬೇಕಾದರೆ ಪೆಡಲನ್ನು ಕಾಲಿನಿಂದಲೇ ತಡೆಯಬಹುದು. ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಆಮೆಯ ಹಾಗೆ ಸಾಗುವಾಗ ಆ ಹಿಡಿತ ಎಷ್ಟು ಚೆನ್ನ ಅಂತ ಗೆಳೆಯನ ಸೈಕಲ್ ಹೊಡೆದು ನೋಡಿದ್ದೆ.

ಹಾಗಂತ ಕಣ್ಣು ಮುಚ್ಚಿ ಕೊಂಡವನಲ್ಲ. ನಿಮ್ಮ ಪುಟದಲ್ಲಿ ನಾಲ್ಕು ಮಾತು ಓದಿ ಆರ್ಡರ್ ಹಾಕಿದೆ. ಒಂದು, ಫ್ಲಿಪ್-ಫ್ಲಾಪ್ ಹಬ್. ಅಂದರೆ ಹಿಂದಿನ ಗಾಲಿಯ ನಡುಭಾಗದ ಒಂದು ಕಡೆ ಫಿಕ್ಸ್ಡ್ ಚಕ್ರ, ಇನ್ನೊಂದು ಕಡೆ ಫ್ರೀವೀಲ್. ಮೇ ತಿಂಗಳ ಬಿಸಿಲಲ್ಲಿ ಕಾಲು ಸೋತರೆ 15 ಎಂಎಂ ಪಾನಾದಿಂದ ಗಾಲಿ ಬಿಚ್ಚಿ ತಿರುಗಿಸಿ ಹಾಕಿದರಾಯಿತು, ಮಾಮೂಲಿ ಸೈಕಲ್ಲಿನ ಹಾಗೆ ಪೆಡಲು ತುಳಿಯದೆಯೂ ಓಡುತ್ತದೆ. ಎರಡು, ಮುಂದೆ 46 ಹಲ್ಲು, ಹಿಂದೆ 18. ಮೂರು, ಮುಂದೆ ಹಿಂದೆ ಎರಡೂ ಬ್ರೇಕು. ನಾಲ್ಕು, 32 ಎಂಎಂ ಟೈರು, ಯಾಕೆಂದರೆ ನಮ್ಮ ರಸ್ತೆಗಳು ನಮ್ಮ ರಸ್ತೆಗಳೇ.

ಏಪ್ರಿಲ್ 9ಕ್ಕೆ 21,500 ರೂಪಾಯಿ ಕಟ್ಟಿದೆ. 20ಕ್ಕೆ ಡಬ್ಬ ಬಂತು. ಫ್ರೀವೀಲ್ ಇರಬೇಕಾದ ಕಡೆ ಬರೀ ಥ್ರೆಡ್ಡು. 18ರ ಬದಲು 16 ಹಲ್ಲು. ಹಿಂದಿನ ಬ್ರೇಕು ಇಲ್ಲ. ಟೈರು 25. 16 ಮತ್ತು 18ಕ್ಕೆ ಏನು ಮಹಾ ವ್ಯತ್ಯಾಸ ಅಂತ ನಿಮ್ಮ ಫೋನಿನ ಹುಡುಗಿ ಕೇಳಿದಳು. ಲೆಕ್ಕ ನನ್ನ ಕಸುಬು, ಹೇಳಿಬಿಡುತ್ತೇನೆ. 46ನ್ನು 16ರಿಂದ ಭಾಗಿಸಿದರೆ 2.875. ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 6 ಮೀಟರ್ ಹೋಗುತ್ತದೆ. 18 ಆದರೆ ಸುಮಾರು 5.4. ಆ ಅರ್ಧ ಮೀಟರಿಗಿಂತ ಜಾಸ್ತಿಯ ದೂರವನ್ನು ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಮಂಡಿ ಎಳೆಯುತ್ತದೆ, ನಿಮ್ಮದಲ್ಲ.

ಆದರೂ ಹೋಗಲಿ ಅಂದುಕೊಂಡೆ. ಮೇಲ್ ಹಾಕಿದೆ, ಉತ್ತರ ಬರುವವರೆಗೆ ಓಡಿಸಿದೆ. ಅದು ನನ್ನ ತಪ್ಪು. ಮೇ 6ರ ಬೆಳಿಗ್ಗೆ ಪಟೇಲ್ ಸರ್ಕಲ್ ಹತ್ತಿರ ಒಂದು ಆಟೋ ಅಡ್ಡ ಬಂತು. ಪೆಡಲನ್ನು ಹಿಂದಕ್ಕೆ ಒತ್ತಿ ತಡೆದೆ. ಕಟಕ್ ಅಂತ ಸದ್ದಾಯಿತು, ಕಾಲು ಅರ್ಧ ಸುತ್ತು ಖಾಲಿ ತಿರುಗಿತು. ಹಿಂದಿನ ಹಲ್ಲಿನ ಚಕ್ರ ಹಬ್ಬಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಬ್ರೇಕು ಹಿಡಿಯಿತು. ಅದೂ ಇಲ್ಲದಿದ್ದರೆ ಈ ಪತ್ರ ನನ್ನ ಹೆಂಡತಿ ಬರೆಯಬೇಕಾಗುತ್ತಿತ್ತು. ಅವಳು ಇಷ್ಟು ಸಮಾಧಾನದಿಂದ ಬರೆಯುವುದಿಲ್ಲ.

ನಮ್ಮ ಓಣಿಯ ಪಂಕ್ಚರ್ ಅಂಗಡಿಯ ಚಾಚಾ ಇಂಥ ಸೈಕಲ್ಲು ಮುಟ್ಟಿದ್ದು ಅವತ್ತೇ ಮೊದಲಂತೆ. ಗಾಲಿ ಎತ್ತಿ ನೋಡಿದರು. "ಇಲ್ಲಿ ಹೊರಗ ಒಂದು ರಿಂಗ್ ಬೇಕಾಗಿತ್ತಲ್ರಿ ಸರ್. ಉಲ್ಟಾ ಥ್ರೆಡ್ ಹೊಡದಾರ ನೋಡ್ರಿ, ರಿಂಗೇ ಹಾಕಿಲ್ಲ." ಚಕ್ರ ಬಿಚ್ಚಿಕೊಳ್ಳಲು ಹೋದರೆ ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗಿ ತಡೆಯಬೇಕು. ಚಾಚಾ ಎರಡು ನಿಮಿಷದಲ್ಲಿ ಕಂಡಿದ್ದನ್ನು ನಿಮ್ಮ ಡಬ್ಬದೊಳಗಿನ 'ಪರೀಕ್ಷಿಸಲಾಗಿದೆ' ಎಂಬ ಹಸಿರು ಚೀಟಿ ಕಂಡಿರಲಿಲ್ಲ.

ಫೋನುಗಳ ಕಥೆ ಬೇಡ. ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂತ ನೀವೇ ಹೇಳುತ್ತೀರಿ, ಕೇಳಿಸಿಕೊಳ್ಳಿ.

ಜೂನ್ 14, ಶನಿವಾರ, ಸಂಜೆ ಐದೂವರೆಗೆ ನಿಮ್ಮವರು ಹೇಳಿದಂತೆ ಸರ್ವೀಸ್ ಸೆಂಟರಿಗೆ ಹೋದೆ. ನಿಮ್ಮ ಗುರುತಿನ ಶರ್ಟು ಹಾಕಿದ ಹುಡುಗ ಮೊಬೈಲಿಂದ ತಲೆ ಎತ್ತದೆ ಕೇಳಿದ.

"ಏನ್ ಪ್ರಾಬ್ಲಮ್ ಸರ್? ಗೇರ್ ಚೇಂಜ್ ಆಗ್ತಿಲ್ವಾ?"

"ಇದಕ್ಕ ಗೇರೇ ಇಲ್ರಿ. ನಿಮ್ಮದೇ ಸೈಕಲ್. ಲಾಕ್‌ರಿಂಗ್ ಬಂದಿಲ್ಲ."

ಆಗ ತಲೆ ಎತ್ತಿದ. "ಸರ್, ಇದ್ರಲ್ಲಿ ನೀವು ಕಾಲು ನಿಲ್ಸಿದ್ರೂ ಪೆಡಲ್ ನಿಲ್ಲಲ್ಲ. ಅದು ಪ್ರಾಬ್ಲಮ್ ಅಲ್ಲ, ಫೀಚರ್."

"ಗೊತ್ತದರಿ. ಅದಕ್ಕೇ ತಗೊಂಡೀನಿ."

"ಮಗನಿಗಾ ಸರ್?"

"ನನಗ."

ನನ್ನ ಕೂದಲು ನೋಡಿದ, ಆಮೇಲೆ ಹೊಟ್ಟೆ, ಆಮೇಲೆ ಚಪ್ಪಲಿ. ಅವತ್ತು ಅಲ್ಲಿ ಕ್ರಮವಾಗಿ ನಡೆದ ತಪಾಸಣೆ ಅದೊಂದೇ. ನಂತರ ಹೇಳಿದ: "ಒಂದ್ ರೌಂಡ್ ಹೊಡೆದು ತೋರ್ಸಿ ಸರ್. ನಿಮ್ಮ ರೈಡಿಂಗ್ ಸ್ಟೈಲ್ ನೋಡ್ಬೇಕು."

ಎದುರಿಗೆ ಕಬ್ಬಿನ ಹಾಲಿನ ಗಾಡಿ. ಅಲ್ಲಿ ಏಳೆಂಟು ಜನ. ನಾನು ಹತ್ತಿದೆ. ಕರೆಂಟ್ ಕಂಬದವರೆಗೆ ಹೋಗಿ ಬಂದೆ. "ಇನ್ನೊಂದ್ಸಲ ಸರ್, ಸ್ವಲ್ಪ ಫಾಸ್ಟಾಗಿ" ಅಂದ. ಮತ್ತೆ ಹೋದೆ. ಯಾಕೆ ಹೋದೆ ಅಂತ ಇವತ್ತಿಗೂ ನನಗೆ ತಿಳಿದಿಲ್ಲ. 27 ವರ್ಷ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿದ್ದರ ಬಡ್ಡಿ ಇರಬೇಕು. ಗಾಡಿಯ ಹತ್ತಿರ ಬರುವಾಗ ಯಾರೋ "ನಮಸ್ಕಾರ್ರಿ ಸರ್" ಅಂದರು. ನೋಡಿದರೆ ನನ್ನದೇ ದ್ವಿತೀಯ ಪಿಯು ಹುಡುಗ. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಮೊಬೈಲು. ಮೊಬೈಲು ನನ್ನ ಕಡೆ ತಿರುಗಿತ್ತು. ಅದೇ ಗಳಿಗೆಗೆ ಪೆಡಲು ಹಿಂದಕ್ಕೆ ಒತ್ತಿದೆ. ಕಟಕ್.

"ಕೇಳಿದ್ರೇನ್ರಿ?" ಅಂದೆ, ಗೆದ್ದವನ ಹಾಗೆ.

"ಕೇಳ್ತು ಸರ್. ನೀವು ಹಿಂದಕ್ಕೆ ತುಳೀತಾ ಇದೀರ. ಹಿಂದಕ್ಕೆ ತುಳೀಬಾರದು."

ಖಡಕ್ ರೊಟ್ಟಿ ಮಾರಿ ಅದನ್ನು ಕಡಿಯಬೇಡಿ ಅಂದ ಹಾಗಾಯಿತು. ಅವನು ಹಾಳೆಯ ಮೇಲೆ ಏನೋ ಬರೆದು, ಸಹಿ ಹಾಕಿದರೆ ಕಂಪ್ಲೇಂಟ್ ಮುಂದೆ ಹೋಗುತ್ತೆ ಅಂದ. ಹಾಕಿದೆ. ತಪಾಸಣೆ ಶುಲ್ಕ ಅಂತ 250 ರೂಪಾಯಿಯೂ ಕೊಟ್ಟೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದರೆ, "ಬಳಸುವ ವಿಧಾನವನ್ನು ಗ್ರಾಹಕರಿಗೆ ತಿಳಿಸಲಾಯಿತು" ಅಂತ ಇತ್ತು. ನಿನ್ನೆ ನೀವು ಕಳಿಸಿದ 'ಪರಿಹಾರ' ಇದೇ ಅಲ್ವಾ?

ಆ ಹುಡುಗನ ಹೆಸರು ಬರೆಯುವುದಿಲ್ಲ. ಲಾಕ್‌ರಿಂಗ್ ಅಂದರೇನು ಅಂತ ನೀವು ಅವನಿಗೆ ತೋರಿಸಿರಲಿಕ್ಕಿಲ್ಲ. ಸೋಮವಾರ ನನ್ನ ತರಗತಿಯ ಹಿಂದಿನ ಬೆಂಚಿನಿಂದ "ಸರ್, ರೈಡಿಂಗ್ ಸ್ಟೈಲ್" ಅಂತ ಧ್ವನಿ ಬಂತು. ಅದನ್ನು ಮಾತ್ರ ಬರೆಯುತ್ತೇನೆ.

ನಿಮ್ಮ ವಾಪಸಾತಿ ನಿಯಮದ ನಾಲ್ಕನೇ ಕಲಮು ನಿಮಗೆ ಬಾಯಿಪಾಠ ಇರುತ್ತದೆ, ಮತ್ತೆ ಹೇಳುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳೂ ಗೊತ್ತಿರುತ್ತವೆ: ದೂರು ಮುಟ್ಟಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು, ಪುಟದಲ್ಲಿ ಹೇಳಿದ ಹಾಗಿಲ್ಲದ ಮಾಲನ್ನು ವಾಪಸ್ ತಗೊಳ್ಳುವುದಿಲ್ಲ ಅನ್ನುವಂತಿಲ್ಲ. ನನ್ನ ಮೊದಲ ಮೇಲ್ ಏಪ್ರಿಲ್ 21ರದ್ದು. ಲೆಕ್ಕ ನೀವೇ ಮಾಡಿ. ಅಂದಹಾಗೆ, ನಿಮ್ಮ ಪುಟದಿಂದ 'ಫ್ಲಿಪ್-ಫ್ಲಾಪ್' ಎಂಬ ಪದ ಹೋದ ವಾರ ಮಾಯವಾಗಿದೆ. ಹಳೆಯ ಪುಟದ ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ.

ಸೈಕಲ್ ವಾಪಸ್ ತಗೊಂಡು 21,750 ಕೊಡಿ. ಇಲ್ಲವೇ ಲಾಕ್‌ರಿಂಗ್, ಫ್ರೀವೀಲ್, 18 ಹಲ್ಲಿನ ಚಕ್ರ, ಹಿಂದಿನ ಬ್ರೇಕು, 32ರ ಟೈರು ಕಳಿಸಿ ಅಂತ ಬರೆಯಬೇಕೆಂದೇ ಕೂತಿದ್ದೆ. ಇಲ್ಲಿಯವರೆಗೆ ಬರೆದ ಮೇಲೆ ನನಗೆ ಅದರ ಮೇಲೆ ಅಷ್ಟು ಆಸೆ ಉಳಿದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಅಂದರೆ ಪ್ರತಿ ತಾರೀಖಿಗೆ ಕಲಬುರಗಿಗೆ ಬರಬೇಕಾದವರು ನೀವು. ನನಗೆ ಅವಸರವಿಲ್ಲ. ವಿಚಾರಣೆ ಎಳೆದು ಎಳೆದು ಮೇ ತಿಂಗಳಿಗೆ ಬಿದ್ದರೂ ಸರಿ, ನಮ್ಮ 42 ಡಿಗ್ರಿ ನಮಗೆ ರೂಢಿ.

ಸೈಕಲ್ಲನ್ನು ಹೀಗೇ ತರುತ್ತೇನೆ, ಒಂದು ನಟ್ಟೂ ಮುಟ್ಟದೆ. ನಿಮ್ಮ ವಕೀಲರು ಬಂದಾಗ ಆಯೋಗದ ಮುಂದಿನ ರಸ್ತೆಯಲ್ಲಿ ಒಂದು ರೌಂಡ್ ಹೊಡೆದು ತೋರಿಸಲಿ. ಕೋಟು ಹಾಕಿಕೊಂಡೇ. ಆಮೇಲೆ ಇನ್ನೊಂದು ಸಲ, ಸ್ವಲ್ಪ ಫಾಸ್ಟಾಗಿ. ಮೊಬೈಲು ಹಿಡಿಯಲು ನನ್ನ ಹತ್ತಿರ ಹುಡುಗರಿದ್ದಾರೆ.

ಇಂತಿ,
ನಿಮ್ಮ 'ಪರಿಹಾರವಾದ' ಗ್ರಾಹಕ

ಲಗತ್ತು: ಬಿಲ್ಲು, ಹಳೆಯ ಪುಟದ ಸ್ಕ್ರೀನ್‌ಶಾಟ್, ಹಬ್ಬಿನ ಎರಡೂ ಬದಿಯ ಫೋಟೋ, 250 ರೂಪಾಯಿಯ ರಸೀದಿ, ಹಸಿರು ಚೀಟಿ.