ಜಿಪಿಎಸ್ ಒಂದನ್ನೇ ನೆಚ್ಚಬೇಡಿ

ಮಾನ್ಯರೇ,

ಗಡಿಭಾಗದಲ್ಲಿ, ಮುಖ್ಯವಾಗಿ ಅಮೃತಸರ–ಜಮ್ಮು ಪ್ರದೇಶದಲ್ಲಿ, 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ವಿಮಾನಗಳ ಜಿಪಿಎಸ್‌ಗೆ ಅಡಚಣೆಯಾದ 465 ಪ್ರಕರಣಗಳು ವರದಿಯಾಗಿವೆ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಸಂಕೇತ ನಿಂತುಹೋದರೆ ಪೈಲಟ್‌ಗೆ ಬೇಗ ಗೊತ್ತಾಗುತ್ತದೆ. ನಕಲಿ ಸಂಕೇತ ಬಂದರೆ ಗೊತ್ತಾಗುವುದು ತಡ. ಸ್ಥಾನ, ಗಡಿಯಾರ ಎರಡೂ ತಪ್ಪುತ್ತವೆ. ಆ ಪ್ರದೇಶ ದಾಟಿದ ಮೇಲೂ ನೆಲ ಸಮೀಪಿಸಿದಾಗ ಎಚ್ಚರಿಸುವ ಯಂತ್ರ ‘ಪುಲ್ ಅಪ್’ (ವಿಮಾನ ಮೇಲೇರಿಸಿ) ಎಂದು ಸುಮ್ಮಸುಮ್ಮನೆ ಕೂಗಬಹುದು. ಆ ಕೂಗನ್ನು ಕಡೆಗಣಿಸುವುದು ರೂಢಿಯಾದರೆ ಇನ್ನೂ ಅಪಾಯ.

ಎಸ್ಟೋನಿಯಾದ ಟಾರ್ಟುವಿನಲ್ಲಿ ಇಳಿಯಲು ಬಳಸುತ್ತಿದ್ದುದು ಜಿಪಿಎಸ್ ಆಧಾರಿತ ವಿಧಾನ. ಅದಕ್ಕೂ ಅಡಚಣೆಯಾದ್ದರಿಂದ 2024ರಲ್ಲಿ ಫಿನ್ಲೆಂಡ್‌ನ ವಿಮಾನ ಸಂಸ್ಥೆ ಫಿನ್‌ಏರ್ ಅಲ್ಲಿಗೆ ಒಂದು ತಿಂಗಳು ಹಾರಾಟವನ್ನೇ ನಿಲ್ಲಿಸಿತು. ಎಸ್ಟೋನಿಯಾ ರಷ್ಯಾದತ್ತ ಬೆರಳು ತೋರಿತು. ನಮ್ಮ ಪ್ರತಿ ವಿಮಾನ ನಿಲ್ದಾಣದಲ್ಲೂ ಐಎಲ್ಎಸ್ ಅಥವಾ ವಿಒಆರ್–ಡಿಎಂಇಯಂಥ, ನೆಲದ ಮೇಲಿನ ರೇಡಿಯೊ ಉಪಕರಣಗಳ ನೆರವಿನಿಂದ ಇಳಿಯುವ ಒಂದು ಮಾರ್ಗವಾದರೂ ಇರಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕಡ್ಡಾಯ ಮಾಡಲಿ.

– ಓದುಗ, ಮೈಸೂರು